ಮುಳುಗುಗಾರನ ಮಣಿಕಟ್ಟಿನ ಲೆಕ್ಕ: ಮಾಪಕದಿಂದ ಕಂಪ್ಯೂಟರಿನವರೆಗೆ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 20 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಅದರ ಸುತ್ತಲಿನ ನೀರಿನಲ್ಲಿ ಸ್ಕೂಬಾ ಮುಳುಗುವಿಕೆಯನ್ನು ಮೊದಲ ಬಾರಿ ಅನುಭವಿಸಲು ಪ್ರತಿವರ್ಷ ಅನೇಕರು ಬರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮೇಲಿನ ದೋಣಿಯ ಆಸರೆಯಿಲ್ಲದೆ ಉಸಿರಾಡುತ್ತ ಈಜುವುದೇ ಸ್ಕೂಬಾ. ಮೊದಲ ದಿನ ಶಿಕ್ಷಕರು ಕೈಹಿಡಿದು ಕರೆದೊಯ್ಯುತ್ತಾರೆ. ಉಪಕರಣಗಳ ಮೇಲೆ ಕಣ್ಣಿಡುವುದೂ ಅವರೇ. ಆದರೆ ಕ್ರಮವಾಗಿ ತರಬೇತಿ ಪಡೆದು ಸ್ವತಃ ಮುಳುಗುಗಾರರಾಗಬೇಕು ಎಂದವರ ಮುಂದೆ ಒಂದು ಆಯ್ಕೆ ಬಂದು ನಿಲ್ಲುತ್ತದೆ. ಮುಳ್ಳು ತಿರುಗುವ ಮಾಪಕಗಳು, ಒಂದು ಗಡಿಯಾರ ಮತ್ತು ಮುದ್ರಿತ ಕೋಷ್ಟಕ ಸಾಕೇ? ಅಥವಾ ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರ್ ಬೇಕೇ?

ಇದು ಬೆಲೆಯ ಪ್ರಶ್ನೆ ಎಂದು ಮೇಲ್ನೋಟಕ್ಕೆ ತೋರಬಹುದು. ನಿಜಕ್ಕೂ ಇದರ ಹಿಂದೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ವಿಜ್ಞಾನದ ಇತಿಹಾಸವಿದೆ. ಜೀವ ತೆತ್ತವರ ಕಥೆಯೂ ಇದೆ. ಆ ಇತಿಹಾಸ ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಯ್ದುಕೊಂಡ ಉಪಕರಣವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ತಿಳಿಯುತ್ತದೆ.

ಮಾಪಕ ಬೇರೆ, ಲೆಕ್ಕ ಬೇರೆ

ನೀರಿನೊಳಗಿರುವವನಿಗೆ ನಾಲ್ಕು ಸಂಗತಿಗಳು ತಿಳಿದಿರಬೇಕು. ಒಂದು, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ? ಎರಡು, ತಾನು ಎಷ್ಟು ಆಳದಲ್ಲಿದ್ದೇನೆ? ಮೂರು, ಇಳಿದು ಎಷ್ಟು ಹೊತ್ತಾಯಿತು? ಈ ಮೂರಕ್ಕೂ ಮಾಪಕಗಳಿವೆ. ನಾಲ್ಕನೆಯದು, ತನ್ನ ರಕ್ತ, ಸ್ನಾಯು, ಕೊಬ್ಬುಗಳಲ್ಲಿ ಎಷ್ಟು ನೈಟ್ರೋಜನ್ ಕರಗಿ ಸೇರಿದೆ? ಇದನ್ನು ಅಳೆಯುವ ಮಾಪಕ ಯಾವುದೂ ಇಲ್ಲ. ಲೆಕ್ಕ ಹಾಕಿ ಅಂದಾಜು ಮಾಡುವುದೊಂದೇ ದಾರಿ. ಆ ಲೆಕ್ಕವನ್ನು ಮೊದಲೇ ಮಾಡಿ ಕಾಗದದಲ್ಲಿ ಅಚ್ಚು ಹಾಕಿದರೆ ಅದು ಕೋಷ್ಟಕ. ನೀರಿನೊಳಗೇ ಕ್ಷಣಕ್ಷಣಕ್ಕೂ ಮಾಡಿದರೆ ಅದು ಡೈವ್ ಕಂಪ್ಯೂಟರ್. ಎರಡೂ ಅಂದಾಜುಗಳೇ ಎಂಬುದನ್ನು ಮೊದಲೇ ಮನಸ್ಸಿನಲ್ಲಿಡುವುದು ಒಳ್ಳೆಯದು.

ಹಾವಿನ ಕಣ್ಣಿನಲ್ಲಿ ಗುಳ್ಳೆ, ಸೇತುವೆಯ ಬುಡದಲ್ಲಿ ಬೇನೆ

ದ್ರವವೊಂದರಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ವಿಲಿಯಂ ಹೆನ್ರಿ 1803ರಲ್ಲಿ ಮಂಡಿಸಿದ. ಸೋಡಾ ಶೀಶೆಯ ಮುಚ್ಚಳ ತೆಗೆದಾಗ ಗುಳ್ಳೆಗಳು ಬುಸ್ಸೆಂದು ಏಳುವುದಕ್ಕೆ ಈ ನಿಯಮವೇ ಕಾರಣ. ಜೀವಿಯ ದೇಹದಲ್ಲೂ ಹೀಗಾಗಬಹುದೆಂಬುದನ್ನು ರಾಬರ್ಟ್ ಬಾಯ್ಲ್ ಇನ್ನೂ ಮುಂಚೆ ಕಂಡಿದ್ದ. ಗಾಳಿ ತೆಗೆದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಿನ ದ್ರವದಲ್ಲಿ ಗುಳ್ಳೆಯೊಂದು ಅತ್ತಿತ್ತ ಚಲಿಸುತ್ತಿದ್ದುದನ್ನು ಅವನು 1670ರಲ್ಲಿ ವರದಿ ಮಾಡಿದ.

ಇದು ಮನುಷ್ಯನಿಗೆ ಸಂಬಂಧಿಸಿದ ವಿಷಯವಾದದ್ದು 19ನೇ ಶತಮಾನದಲ್ಲಿ. ಫ್ರಾನ್ಸಿನ ಎಂಜಿನಿಯರ್ ಟ್ರಿಜೆ, ಲುವಾರ್ ನದಿಯ ಬಳಿ ಕಲ್ಲಿದ್ದಲ ಗಣಿಯ ಬಾವಿ ತೋಡುವಾಗ ನೀರು ನುಗ್ಗದಂತೆ ತಡೆಯಲು ಒತ್ತಿದ ಗಾಳಿಯನ್ನು ಬಳಸಿದ. ಹೊರಬಂದ ಕೆಲಸಗಾರರಲ್ಲಿ ಕೆಲವರಿಗೆ ಕೀಲುನೋವು ಬರುತ್ತಿದ್ದುದನ್ನು 1841ರಲ್ಲಿ ದಾಖಲಿಸಿದ. ಮುಂದೆ ಇದೇ ಉಪಾಯವನ್ನು ಸೇತುವೆಯ ಕಂಬಗಳಿಗೆ ಬಳಸಲಾಯಿತು. ತಳವಿಲ್ಲದ ದೊಡ್ಡ ಪೆಟ್ಟಿಗೆಯನ್ನು ನದಿಯ ತಳಕ್ಕೆ ಇಳಿಸಿ, ಒಳಗೆ ಒತ್ತಿದ ಗಾಳಿ ತುಂಬಿ ನೀರನ್ನು ಹೊರದೂಡಿ, ಕೂಲಿಗಳು ಅದರೊಳಗೆ ನಿಂತು ಮಣ್ಣು ಅಗೆಯುತ್ತಿದ್ದರು. ಈ ಪೆಟ್ಟಿಗೆಯೇ ಕೈಸನ್. ಒಳಗಿರುವಷ್ಟು ಹೊತ್ತು ಯಾರಿಗೂ ಏನೂ ಆಗುತ್ತಿರಲಿಲ್ಲ. ಹೊರಬಂದ ಮೇಲೆ ಬೇನೆ ಶುರುವಾಗುತ್ತಿತ್ತು.

ಅಮೆರಿಕದ ಸೇಂಟ್ ಲೂಯಿಯಲ್ಲಿ ಮಿಸಿಸಿಪಿ ನದಿಗೆ ಈಡ್ಸ್ ಸೇತುವೆ ಕಟ್ಟುವಾಗ, 1870ರ ಸುಮಾರಿಗೆ, ಹತ್ತಕ್ಕೂ ಹೆಚ್ಚು ಕೆಲಸಗಾರರು ಹೀಗೆ ಸತ್ತರು. ನೋವಿನಿಂದ ಸೊಂಟ ಬಾಗಿಸಿ ನಡೆಯುತ್ತಿದ್ದವರನ್ನು ಕಂಡು ‘ಬೆಂಡ್ಸ್’ ಎಂಬ ಹೆಸರು ಬಂತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಬೇನೆಗೆ ತುತ್ತಾಗಿ ಹಾಸಿಗೆ ಹಿಡಿದ. 1883ರಲ್ಲಿ ಸೇತುವೆ ತೆರೆಯುವವರೆಗೂ ಅವನ ಪತ್ನಿ ಎಮಿಲಿ ಅವನ ಸೂಚನೆಗಳನ್ನು ಹೊತ್ತು ಕೆಲಸ ನಡೆಸಿದಳು.

ಕಾರಣವನ್ನು ಖಚಿತಪಡಿಸಿದವನು ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬೆರ್. ಒತ್ತಡ ಥಟ್ಟನೆ ಇಳಿದಾಗ ರಕ್ತದಲ್ಲೂ ಅಂಗಾಂಶಗಳಲ್ಲೂ ಬಿಡುಗಡೆಯಾಗುವ ಗುಳ್ಳೆಗಳು ಮುಖ್ಯವಾಗಿ ನೈಟ್ರೋಜನ್ ಎಂದು 1878ರ ತನ್ನ ಬೃಹತ್ ಗ್ರಂಥದಲ್ಲಿ ತೋರಿಸಿದ. ನಿಧಾನವಾಗಿ ಮೇಲೇರಬೇಕು, ಬೇನೆ ಬಂದವರನ್ನು ಮತ್ತೆ ಒತ್ತಡಕ್ಕೆ ಒಳಪಡಿಸಬೇಕು ಎಂದೂ ಹೇಳಿದ. ಆದರೆ ನಿಧಾನವೆಂದರೆ ಎಷ್ಟು ನಿಧಾನ? ಅದಕ್ಕೆ ಅಂಕಿಗಳು ಬೇಕಿದ್ದವು.

ಹಾಲ್ಡೇನ್ ಮತ್ತು ಮೇಕೆಗಳು

ಬ್ರಿಟಿಷ್ ನೌಕಾಪಡೆಯ ಮುಳುಗುಗಾರರಿಗಾಗಿ ಈ ಅಂಕಿಗಳನ್ನು ಹುಡುಕುವ ಕೆಲಸ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿಯ ಪಾಲಿಗೆ ಬಂತು. ಅವನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಒತ್ತಡ ಕೋಣೆಯಲ್ಲಿ ಮೇಕೆಗಳ ಮೇಲೆ ಪ್ರಯೋಗ ನಡೆಸಿದ. ಮೇಕೆಯನ್ನು ಆಯ್ದುಕೊಂಡದ್ದಕ್ಕೆ ಕಾರಣವಿತ್ತು. ಇಲಿ, ಮೊಲಗಳಂಥ ಸಣ್ಣ ಪ್ರಾಣಿಗಳಿಗಿಂತ ಅದರ ಗಾತ್ರ ಮನುಷ್ಯನಿಗೆ ಹತ್ತಿರ. ಜೊತೆಗೆ, ಬೇನೆ ಬಂದ ಮೇಕೆ ಮುಂಗಾಲನ್ನು ಎತ್ತಿ ಹಿಡಿಯುತ್ತದೆ. ನೋಡಿದವರಿಗೆ ತಕ್ಷಣ ತಿಳಿಯುತ್ತದೆ.

ಹಾಲ್ಡೇನ್ ಎರಡು ಸೂತ್ರಗಳನ್ನು ಕಂಡುಕೊಂಡ. ಮೊದಲನೆಯದು, ಬೇನೆ ಬರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಒತ್ತಡಗಳ ವ್ಯತ್ಯಾಸಕ್ಕಿಂತ ಅವುಗಳ ಅನುಪಾತ. ಎರಡು ವಾಯುಭಾರದಿಂದ ಒಂದಕ್ಕೆ ಇಳಿದಾಗ ತೊಂದರೆಯಾಗದಿದ್ದರೆ, ನಾಲ್ಕರಿಂದ ಎರಡಕ್ಕೆ ಅಥವಾ ಆರರಿಂದ ಮೂರಕ್ಕೆ ಇಳಿದರೂ ಆಗದು. ಆದ್ದರಿಂದ ಮುಳುಗುಗಾರ ಆಳದಿಂದ ಅರ್ಧ ಒತ್ತಡದ ಮಟ್ಟಕ್ಕೆ ಬೇಗ ಬಂದು, ಅಲ್ಲಿಂದ ಮುಂದೆ ಹಂತಹಂತವಾಗಿ ನಿಂತು ನಿಂತು ಮೇಲೇರಬಹುದು. ಎರಡನೆಯದು, ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ನೈಟ್ರೋಜನ್ ಹೀರುವುದಿಲ್ಲ. ರಕ್ತ ಹೆಚ್ಚು ಹರಿಯುವ ಭಾಗ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ರಕ್ತ ಕಡಿಮೆ ಹರಿಯುವ ಕೊಬ್ಬಿನಂಥ ಭಾಗ ನಿಧಾನ. ಹಾಲ್ಡೇನ್ ದೇಹವನ್ನು ಐದು ಕಾಲ್ಪನಿಕ ಅಂಗಾಂಶಗಳೆಂದು ಭಾವಿಸಿ ಅವಕ್ಕೆ 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿ ಕೊಟ್ಟ. ವಿಕಿರಣಶೀಲ ಧಾತುಗಳ ಅರ್ಧಾಯುವಿನ ಗಣಿತವೇ ಇಲ್ಲಿಯೂ ಕೆಲಸ ಮಾಡುತ್ತದೆ. ‘ಕಾಲ್ಪನಿಕ’ ಎಂಬ ಮಾತು ಮುಖ್ಯ. 20 ನಿಮಿಷದ ಅಂಗಾಂಶವನ್ನು ದೇಹ ಕೊಯ್ದು ತೋರಿಸಲು ಬರುವುದಿಲ್ಲ.

1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಈ ಲೆಕ್ಕದ ಪರೀಕ್ಷೆ ನಡೆಯಿತು. ನೌಕಾಪಡೆಯ ಡಾಮಂಟ್ ಮತ್ತು ಕ್ಯಾಟೊ 210 ಅಡಿ, ಅಂದರೆ 64 ಮೀಟರ್ ಆಳ ತಲುಪಿ ಕ್ಷೇಮವಾಗಿ ಮರಳಿದರು. ಹಾಲ್ಡೇನ್‌ನ 13 ವರ್ಷದ ಮಗ ಕೂಡ ಅಲ್ಲಿ ಅಳತೆಗೆ ಹೊಂದದ ಉಡುಪು ತೊಟ್ಟು ನೀರಿಗಿಳಿದಿದ್ದ. ಆ ಹುಡುಗ ಮುಂದೆ ತಳಿವಿಜ್ಞಾನಿಯಾಗಿ ಹೆಸರಾದ ಜೆ. ಬಿ. ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವನು ಅವನೇ. ಬಾಯ್ಕಾಟ್ ಮತ್ತು ಡಾಮಂಟ್ ಜೊತೆ ಹಾಲ್ಡೇನ್ ಬರೆದ ಸಂಶೋಧನಾ ಲೇಖನ 1908ರಲ್ಲಿ ಪ್ರಕಟವಾಯಿತು. ಇಂದಿನ ಬಹುಪಾಲು ಡೈವ್ ಕಂಪ್ಯೂಟರುಗಳು ಈ ಲೇಖನದ ಸಂತತಿಯೇ.

ಒಂದು ಲೆಕ್ಕ ಮಾಡಿ ನೋಡೋಣ

ಹಾಲ್ಡೇನ್ ಎಲ್ಲ ಅಂಗಾಂಶಗಳಿಗೂ ಒಂದೇ ಅನುಪಾತ ಇಟ್ಟಿದ್ದ. ಅಮೆರಿಕದ ನೌಕಾಪಡೆಯ ದಶಕಗಳ ಅನುಭವ ಅದನ್ನು ತಿದ್ದಿತು. ವೇಗದ ಅಂಗಾಂಶ ಹೆಚ್ಚು ಒತ್ತಡವನ್ನು ತಾಳಬಲ್ಲದು, ನಿಧಾನದ ಅಂಗಾಂಶ ಕಡಿಮೆ. ನೌಕಾಪಡೆಯ ವೈದ್ಯ ರಾಬರ್ಟ್ ವರ್ಕ್‌ಮನ್ 1965ರಲ್ಲಿ ಪ್ರತಿ ಅಂಗಾಂಶಕ್ಕೂ ಪ್ರತ್ಯೇಕ ಮಿತಿಯನ್ನು ಪ್ರಕಟಿಸಿದ. ನೀರಿನ ಮೇಲ್ಮೈಗೆ ಬರುವಾಗ 5 ನಿಮಿಷದ ಅಂಗಾಂಶದಲ್ಲಿ ನೈಟ್ರೋಜನ್ನಿನ ಒತ್ತಡ ಸುಮಾರು 3.2 ಬಾರ್‌ವರೆಗೆ ಇರಬಹುದು. 40 ನಿಮಿಷದ್ದರಲ್ಲಿ 1.7 ಬಾರ್, 120 ನಿಮಿಷದ್ದರಲ್ಲಿ 1.6 ಬಾರ್ ಮಾತ್ರ.

ಈಗ 18 ಮೀಟರ್ ಆಳಕ್ಕೆ ಇಳಿಯೋಣ. ಸಮುದ್ರಮಟ್ಟದಲ್ಲಿ ಒತ್ತಡ 1 ಬಾರ್. ಪ್ರತಿ 10 ಮೀಟರಿಗೆ ಇನ್ನೊಂದು ಬಾರ್ ಸೇರುವುದರಿಂದ 18 ಮೀಟರಿನಲ್ಲಿ 2.8 ಬಾರ್. ಗಾಳಿಯಲ್ಲಿ ನೈಟ್ರೋಜನ್ ಶೇಕಡ 79. ಆದ್ದರಿಂದ ಮೇಲಿರುವಾಗ ಅಂಗಾಂಶದಲ್ಲಿ 0.79 ಬಾರ್ ಇತ್ತು. ಆಳದಲ್ಲಿ ಅದು ಕಟ್ಟಕಡೆಗೆ 2.21 ಬಾರ್ ತಲುಪಬೇಕು. ವ್ಯತ್ಯಾಸ 1.42 ಬಾರ್. 40 ನಿಮಿಷದ ಅಂಗಾಂಶ 40 ನಿಮಿಷದಲ್ಲಿ ಇದರ ಅರ್ಧವನ್ನು ತುಂಬಿಕೊಂಡು 1.5 ಬಾರ್‌ಗೆ ಬರುತ್ತದೆ. 60 ನಿಮಿಷ ಎಂದರೆ ಒಂದೂವರೆ ಅರ್ಧಾವಧಿ. ಅಷ್ಟರಲ್ಲಿ ವ್ಯತ್ಯಾಸದ ಶೇಕಡ 65ರಷ್ಟು ತುಂಬಿ, ಒತ್ತಡ 1.7 ಬಾರ್ ಮುಟ್ಟುತ್ತದೆ. ಅದೇ ಮಿತಿ. ಅಮೆರಿಕದ ನೌಕಾಪಡೆಯ 1957ರ ಕೋಷ್ಟಕದಲ್ಲಿ 60 ಅಡಿ ಆಳಕ್ಕೆ, ಅಂದರೆ ಸುಮಾರು 18 ಮೀಟರಿಗೆ, ಎಲ್ಲಿಯೂ ನಿಲ್ಲದೆ ಮೇಲೇರಬಹುದಾದ ಕಾಲಮಿತಿ 60 ನಿಮಿಷ ಎಂದಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಇನ್ನೂ ಆಳಕ್ಕೆ ಹೋದರೆ ವೇಗದ ಅಂಗಾಂಶಗಳು ಮೊದಲು ಮಿತಿ ಮುಟ್ಟುತ್ತವೆ. 100 ಅಡಿಗೆ ಅದೇ ಕೋಷ್ಟಕ ಕೊಡುವ ಸಮಯ 25 ನಿಮಿಷ. ಪಿ.ಯು. ವಿದ್ಯಾರ್ಥಿಗಳು ಘಾತೀಯ ಸಮೀಕರಣ ಬಳಸಿ ಬೇರೆ ಅಂಗಾಂಶಗಳಿಗೂ ಇದನ್ನು ಮಾಡಿ ನೋಡಬಹುದು.

ಆದರೆ ಎಲ್ಲ ಅಂಕಿಗಳೂ ಶರೀರವಿಜ್ಞಾನದಿಂದ ಬಂದವಲ್ಲ. 1957ರ ಕೋಷ್ಟಕದಲ್ಲಿ ಮೇಲೇರುವ ವೇಗ ನಿಮಿಷಕ್ಕೆ 60 ಅಡಿ ಎಂದಿತ್ತು. ಈಜಿ ಬರುವ ಯೋಧರು ನಿಮಿಷಕ್ಕೆ 100 ಅಡಿಯಾದರೂ ಇರಲಿ ಎಂದರು. ಭಾರದ ಶಿರಸ್ತ್ರಾಣ ತೊಟ್ಟ ಮುಳುಗುಗಾರರನ್ನು ಹಗ್ಗದಲ್ಲಿ ಎಳೆಯುವವರಿಗೆ 25 ಅಡಿಗಿಂತ ಹೆಚ್ಚು ಸಾಧ್ಯವಿರಲಿಲ್ಲ. 60 ಅಡಿ ಎಂಬುದು ಇಬ್ಬರ ನಡುವಿನ ರಾಜಿ. 1993ರಲ್ಲಿ ಅದನ್ನು 30 ಅಡಿಗೆ ಇಳಿಸಲಾಯಿತು. ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ಹವ್ಯಾಸಿಗಳು 60 ಅಡಿಯನ್ನು ಪ್ರಕೃತಿನಿಯಮವೆಂಬಂತೆ ಕಲಿತಿದ್ದರು.

ಮಾಪಕಗಳ ಕಾಲ

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ‘ಆಕ್ವಾಲಂಗ್’ ರೂಪಿಸಿದರು. ಉಸಿರೆಳೆದಾಗಲೆಲ್ಲ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಕೊಡುವ ಕವಾಟ ಅದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಾಮಾನ್ಯರೂ ಮುಳುಗಲಾರಂಭಿಸಿದರು.

ಆರಂಭದ ಹವ್ಯಾಸಿಗೆ ತನ್ನ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ನೀರೊಳಗೆ ತಿಳಿಯುತ್ತಿರಲಿಲ್ಲ. ಸಿಲಿಂಡರಿನ ಬಾಯಲ್ಲಿ ಸ್ಪ್ರಿಂಗ್ ಇರುವ ಒಂದು ಕವಾಟವಿರುತ್ತಿತ್ತು. ಗಾಳಿ ಕಡಿಮೆಯಾದಾಗ ಉಸಿರೆಳೆಯುವುದು ಕಷ್ಟವಾಗುತ್ತಿತ್ತು; ಆಗ ಬೆನ್ನ ಹಿಂದಿನ ಸರಳನ್ನು ಎಳೆದರೆ ಮೀಸಲು ಗಾಳಿ ಬಿಡುಗಡೆ. ಹಳೆಯ ಮೋಟಾರ್ ಸೈಕಲ್ಲಿನ ರಿಸರ್ವ್ ಪೆಟ್ರೋಲಿನಂತೆಯೇ. ಸರಳು ಯಾವುದಕ್ಕಾದರೂ ತಗುಲಿ ಮೊದಲೇ ಕೆಳಗೆ ಸರಿದಿದ್ದರೆ, ಎಳೆಯುವ ಹೊತ್ತಿಗೆ ಮೀಸಲೇ ಇರುತ್ತಿರಲಿಲ್ಲ. ನೀರೊಳಗೆ ಓದಬಹುದಾದ ಸಿಲಿಂಡರ್ ಒತ್ತಡಮಾಪಕ ಬಳಕೆಗೆ ಬಂದು ಈ ಅಪಾಯ ತಪ್ಪಿತು. ಅದರ ಹೃದಯ 1849ರಲ್ಲಿ ಯೂಜೀನ್ ಬೂರ್ದೋನ್ ಕಂಡುಹಿಡಿದ ಬಾಗಿದ ಲೋಹದ ಕೊಳವೆ. ಒಳಗೆ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬೇಡ, ಲೆಕ್ಕ ಬೇಡ.

ಆಳಮಾಪಕಗಳಲ್ಲಿ ಅತ್ಯಂತ ಸರಳವಾದದ್ದು ಒಂದು ತುದಿ ಮುಚ್ಚಿದ ಸಣ್ಣ ಪಾರದರ್ಶಕ ಕೊಳವೆ. ಬಾಯ್ಲ್ ನಿಯಮದಂತೆ ಅದರೊಳಗಿನ ಗಾಳಿ 10 ಮೀಟರಿನಲ್ಲಿ ಅರ್ಧಕ್ಕೆ, 20ರಲ್ಲಿ ಮೂರನೇ ಒಂದಕ್ಕೆ, 30ರಲ್ಲಿ ಕಾಲು ಭಾಗಕ್ಕೆ ಕುಗ್ಗುತ್ತದೆ. ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡಿದರೆ ಆಳ ತಿಳಿಯಿತು. ಹಡಗಿನಿಂದ ಕಡಲಿನ ಆಳ ಅಳೆಯಲು ಲಾರ್ಡ್ ಕೆಲ್ವಿನ್ 1870ರ ದಶಕದಲ್ಲಿ ಇದೇ ತತ್ತ್ವ ಬಳಸಿದ್ದ. ಉಪ್ಪುನೀರು ತಾಗಿದಲ್ಲಿ ಬಣ್ಣ ಬದಲಾಗುವಂತೆ ಕೊಳವೆಯ ಒಳಗೆ ಸಿಲ್ವರ್ ಕ್ರೋಮೇಟ್ ಲೇಪ ಕೊಟ್ಟಿದ್ದ. ಶಿಕ್ಷಕರು ಇದನ್ನು ತೋಟದ ಬಾವಿಯಲ್ಲಿ ತೋರಿಸಬಹುದು. ಒಂದು ತುದಿ ಮುಚ್ಚಿದ ಉದ್ದನೆಯ ಕಿರುಗೊಳವೆಯೊಳಗೆ ಶಾಯಿಯ ಗೆರೆ ಎಳೆದ ಕಾಗದದ ಪಟ್ಟಿ ಇಟ್ಟು, ಭಾರ ಕಟ್ಟಿ, ತೆರೆದ ಬಾಯಿ ಕೆಳಗಿರುವಂತೆ ಹಗ್ಗದಲ್ಲಿ ನೀರೊಳಗೆ 5 ಮೀಟರ್ ಇಳಿಸಿದರೆ, ಶಾಯಿ ಸುಮಾರು ಮೂರನೇ ಒಂದು ಭಾಗದವರೆಗೆ ಕದಡಿರುತ್ತದೆ. ಬಾವಿಯ ಬಳಿ ಮಕ್ಕಳ ಜೊತೆ ಹಿರಿಯರು ಇರಲೇಬೇಕು.

ಮೂರನೆಯದು ಗಡಿಯಾರ. 1953ರ ಸುಮಾರಿಗೆ ಮುಳುಗುಗಾರರ ಕೈಗಡಿಯಾರಗಳು ಬಂದವು. ಅವುಗಳ ಸುತ್ತ ತಿರುಗುವ ಬಳೆಯ ಗುರುತನ್ನು ಇಳಿಯುವ ಕ್ಷಣದ ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ಸಮಯ ನೇರವಾಗಿ ಓದಬಹುದು. ಆ ಬಳೆ ಒಂದೇ ದಿಕ್ಕಿಗೆ ತಿರುಗುವಂತೆ ಮುಂದೆ ಮಾಡಿದರು. ಆಕಸ್ಮಿಕವಾಗಿ ತಿರುಗಿದರೂ ಕಳೆದ ಸಮಯ ಹೆಚ್ಚೆಂದು ತೋರಬೇಕೇ ವಿನಾ ಕಡಿಮೆಯೆಂದು ತೋರಬಾರದು. ತಪ್ಪಾದರೆ ಸುರಕ್ಷೆಯ ಕಡೆಗೇ ತಪ್ಪಾಗಲಿ ಎಂಬುದು ಒಳ್ಳೆಯ ಉಪಕರಣದ ಗುಣ.

ಮುಳ್ಳಿನ ವೇಷದ ಕಂಪ್ಯೂಟರ್

ಕೋಷ್ಟಕದ ದೊಡ್ಡ ಕೊರತೆ ಏನು? ಇಡೀ ಮುಳುಗುವಿಕೆಯನ್ನು ಅತಿ ಆಳದ ಬಿಂದುವಿನಲ್ಲೇ ಕಳೆದಂತೆ ಅದು ಭಾವಿಸುತ್ತದೆ. 18 ಮೀಟರಿನಲ್ಲಿ 10 ನಿಮಿಷ, ಅನಂತರ 8 ಮೀಟರಿನಲ್ಲಿ 30 ನಿಮಿಷ ಇದ್ದವನಿಗೂ ಕೋಷ್ಟಕದ ಪ್ರಕಾರ 18 ಮೀಟರಿನಲ್ಲಿ 40 ನಿಮಿಷ. ಹವ್ಯಾಸಿಯೋ ಮೀನು, ಹವಳ ನೋಡುತ್ತ ಮೇಲೆ ಕೆಳಗೆ ಅಲೆಯುವವನು.

ಅವನ ದಾರಿಯನ್ನೇ ಹಿಂಬಾಲಿಸಿ ಲೆಕ್ಕವಿಡುವ ಉಪಕರಣದ ಕಲ್ಪನೆಯನ್ನು 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಸಾಗರವಿಜ್ಞಾನಿಗಳಾದ ಗ್ರೋವ್ಸ್ ಮತ್ತು ಮುಂಕ್ ಒಂದು ವರದಿಯಲ್ಲಿ ವಿವರಿಸಿದರು. ಅದನ್ನು ಆಧರಿಸಿ ತಯಾರಾದ ಮೊದಲ ಯಂತ್ರವನ್ನು ಅಮೆರಿಕದ ನೌಕಾಪಡೆ ಪರೀಕ್ಷಿಸಿ ಒಪ್ಪದೆ ಬಿಟ್ಟಿತು. 1959ರಲ್ಲಿ ಇಟಲಿಯಿಂದ ಬಂದ ‘ಎಸ್‌ಓಎಸ್’ ಮಾಪಕ ಮಾತ್ರ ಹವ್ಯಾಸಿಗಳ ಕೈಸೇರಿತು. ಅದರ ರಚನೆ ಬಲು ಜಾಣತನದ್ದು. ಮೆದುವಾದ ಒಂದು ಗಾಳಿಚೀಲ, ಗಟ್ಟಿಯಾದ ಒಂದು ಕೋಣೆ. ನಡುವೆ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಿರಡೆ. ಆಳದಲ್ಲಿ ನೀರು ಚೀಲವನ್ನು ಒತ್ತಿದಾಗ ಗಾಳಿ ಬಿರಡೆಯ ಮೂಲಕ ಮೆಲ್ಲನೆ ಕೋಣೆಗೆ ನುಸುಳುತ್ತದೆ; ಮೇಲೇರಿದಾಗ ಮೆಲ್ಲನೆ ಹಿಂತಿರುಗುತ್ತದೆ. ಅಂಗಾಂಶಕ್ಕೆ ನೈಟ್ರೋಜನ್ ಸೇರುವ ಕ್ರಿಯೆಯ ನಕಲು ಅದು. ಕೋಣೆಯ ಒತ್ತಡವನ್ನು ಬೂರ್ದೋನ್ ಕೊಳವೆಯ ಮುಳ್ಳು ತೋರಿಸುತ್ತದೆ. ನೋಡಲು ಮಾಪಕ, ಒಳಗೆ ಕಂಪ್ಯೂಟರ್.

ಆದರೆ ಒಂದು ಬಿರಡೆ ಎಂದರೆ ಒಂದೇ ಅಂಗಾಂಶ. ಒಂದು ದಿನದಲ್ಲಿ ಮತ್ತೆ ಮತ್ತೆ ಆಳಕ್ಕೆ ಇಳಿದವರಿಗೆ ಅದು ನೌಕಾಪಡೆಯ ಕೋಷ್ಟಕಕ್ಕಿಂತ ಹೆಚ್ಚು ಸಡಿಲ ಮಿತಿ ಕೊಡುತ್ತಿತ್ತು. ಕೆಲವರು ಅದನ್ನು ವ್ಯಂಗ್ಯವಾಗಿ ‘ಬೆಂಡೋಮ್ಯಾಟಿಕ್’, ಅಂದರೆ ತಾನಾಗಿಯೇ ಬೆಂಡ್ಸ್ ತರಿಸುವ ಯಂತ್ರ, ಎಂದು ಕರೆದರು. ಅದನ್ನು ನೆಚ್ಚಿ ವರ್ಷಗಟ್ಟಲೆ ಮುಳುಗಿ ಕ್ಷೇಮವಾಗಿದ್ದವರೂ ಇದ್ದರು.

ಚಿಪ್ ಬಂದ ಮೇಲೆ

ಅನೇಕ ಅಂಗಾಂಶಗಳ ಲೆಕ್ಕವನ್ನು ಒಟ್ಟಿಗೆ ಇಡಲು ಮೈಕ್ರೋಪ್ರೊಸೆಸರ್ ಬೇಕಾಯಿತು. ಕೆನಡಾದಲ್ಲಿ 1979ರಲ್ಲಿ ಮಾರುಕಟ್ಟೆಗೆ ಬಂದ ಒಂದು ಯಂತ್ರ 9 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ನುಂಗಿ ಸುಮಾರು ನಾಲ್ಕು ಗಂಟೆ ಮಾತ್ರ ಓಡುತ್ತಿತ್ತು. ತಿರುವು ಬಂದದ್ದು 1983ರಲ್ಲಿ. ಅಮೆರಿಕದ ‘ಎಡ್ಜ್’ ಎಂಬ ಡೈವ್ ಕಂಪ್ಯೂಟರ್ 12 ಅಂಗಾಂಶಗಳ ಲೆಕ್ಕವಿಡುತ್ತಿತ್ತು. ಪರದೆಯ ಮೇಲೆ ಮಿತಿಯ ವಕ್ರರೇಖೆ, ಅದರತ್ತ ಬೆಳೆಯುವ 12 ಕಂಬಗಳು: ತನ್ನ ಲೆಕ್ಕವನ್ನು ಮುಳುಗುಗಾರನ ಮುಂದೆ ಬಿಚ್ಚಿಟ್ಟ ಯಂತ್ರ ಅದು. ಅದೇ ವರ್ಷ ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ತನ್ನ ಸಂಶೋಧನೆಯನ್ನು ಪುಸ್ತಕವಾಗಿ ಹೊರತಂದ. ಆಲ್ಪ್ಸ್ ಪರ್ವತದ ಎತ್ತರದ ಸರೋವರಗಳಲ್ಲಿ ಮುಳುಗುವವರ ಸಮಸ್ಯೆಯನ್ನೂ ಅವನು ಅಭ್ಯಸಿಸಿದ್ದ. ಅವನ ಲೆಕ್ಕದ ಮುಂದಿನ ರೂಪದಲ್ಲಿ 16 ಅಂಗಾಂಶಗಳಿವೆ. ಅತ್ಯಂತ ನಿಧಾನದ ಅರ್ಧಾವಧಿ 635 ನಿಮಿಷ. ಇಂದಿನ ಅನೇಕ ಕಂಪ್ಯೂಟರುಗಳೊಳಗೆ ಇದೇ ಇದೆ.

ಈ ನಡುವೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ಶ್ರವಣಾತೀತ ಧ್ವನಿಯ ಡಾಪ್ಲರ್ ಉಪಕರಣದಿಂದ ರಕ್ತನಾಳಗಳನ್ನು ಆಲಿಸಿದಾಗ, ಯಾವ ನೋವೂ ಇಲ್ಲದ ಮುಳುಗುಗಾರರಲ್ಲೂ ಗುಳ್ಳೆಗಳ ಸದ್ದು ಕೇಳಿಸಿತು. ಮೆರಿಲ್ ಸ್ಪೆನ್ಸರ್ 1976ರಲ್ಲಿ ಇದನ್ನು ಆಧರಿಸಿ ಕಾಲಮಿತಿಗಳನ್ನು ಬಿಗಿಗೊಳಿಸಲು ಸೂಚಿಸಿದ. ನೌಕಾಪಡೆಯ ಗಟ್ಟಿಮುಟ್ಟಾದ ತರುಣರಿಗೆ ಮಾಡಿದ ಲೆಕ್ಕ ಎಲ್ಲರಿಗೂ ಹೊಂದದು ಎಂಬ ಅರಿವೂ ಬೆಳೆಯಿತು. 1988ರಲ್ಲಿ ಹವ್ಯಾಸಿಗಳಿಗಾಗಿಯೇ ಪರೀಕ್ಷಿಸಿ ರೂಪಿಸಿದ ಕೋಷ್ಟಕವೊಂದು ಬಂತು. ಅದರಲ್ಲಿ 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ.

ಅದೇ 1988ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದಲ್ಲಿ ವಿಜ್ಞಾನಿ-ಮುಳುಗುಗಾರರು ಸೇರಿ ಈ ಹೊಸ ಯಂತ್ರಗಳ ಬಳಕೆಗೆ ಮಾರ್ಗಸೂಚಿ ರಚಿಸಿದರು. ಪ್ರತಿಯೊಬ್ಬರಿಗೂ ಅವರದೇ ಕಂಪ್ಯೂಟರ್ ಇರಬೇಕು. ಜೊತೆಗಾರನದನ್ನು ನೋಡಿಕೊಂಡು ಮುಳುಗಬಾರದು. ಯಂತ್ರ ಕೆಟ್ಟರೆ ಆ ಮುಳುಗುವಿಕೆ ಅಲ್ಲಿಗೆ ಮುಗಿಯಿತು. ಈ ಎರಡು ನಿಯಮಗಳು ಇಂದಿಗೂ ನಿಂತಿವೆ.

ಯಂತ್ರಕ್ಕೆ ಕಾಣದ ದೇಹ

ಡೈವ್ ಕಂಪ್ಯೂಟರ್ ನಿಮ್ಮ ಬಗ್ಗೆ ನಿಜವಾಗಿ ಅಳೆಯುವುದು ಎರಡನ್ನೇ: ನೀರಿನ ಒತ್ತಡ ಮತ್ತು ಕಾಲ. ಜೊತೆಗೆ ನೀರಿನ ಉಷ್ಣತೆ, ಕೆಲವು ಯಂತ್ರಗಳಲ್ಲಿ ಸಿಲಿಂಡರಿನ ಒತ್ತಡ. ಉಳಿದದ್ದೆಲ್ಲ ಒಂದು ಕಾಲ್ಪನಿಕ ದೇಹದ ಲೆಕ್ಕ. ನಿಮಗೆ ನೀರಡಿಕೆಯಾಗಿದೆಯೇ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದೀರಾ, ಪ್ರವಾಹಕ್ಕೆದುರಾಗಿ ಈಜಿ ದಣಿದಿದ್ದೀರಾ, ವಯಸ್ಸೆಷ್ಟು, ಇದಾವುದೂ ಅದಕ್ಕೆ ನೇರವಾಗಿ ಕಾಣದು. ಯಂತ್ರದ ಮಿತಿಯೊಳಗೇ ಇದ್ದು ಬೇನೆಗೆ ತುತ್ತಾದವರಿದ್ದಾರೆ.

ಲೆಕ್ಕವೂ ತಪ್ಪಬಹುದು. 1995ರಲ್ಲಿ ತಯಾರಾದ ಒಂದು ಮಾದರಿಯ ಕಂಪ್ಯೂಟರುಗಳನ್ನು 2003ರಲ್ಲಿ ಹಿಂದಕ್ಕೆ ಕರೆಸಲಾಯಿತು. ಆಮ್ಲಜನಕ ಹೆಚ್ಚಿರುವ ಮಿಶ್ರಣವನ್ನು ಬಳಸಿ ಮೇಲೆ ಬಂದವನು ದೋಣಿಯಲ್ಲಿ ಕುಳಿತಾಗಲೂ ಅದನ್ನೇ ಉಸಿರಾಡುತ್ತಿದ್ದಾನೆ ಎಂದು ಅದರ ತಂತ್ರಾಂಶ ಭಾವಿಸುತ್ತಿತ್ತು. ಹಾಗಾಗಿ ದೇಹದ ನೈಟ್ರೋಜನ್ ನಿಜಕ್ಕಿಂತ ಬೇಗ ಹೊರಹೋಯಿತೆಂದು ತೋರಿಸಿ, ಮುಂದಿನ ಸುತ್ತಿಗೆ ಹೆಚ್ಚು ಸಮಯ ಕೊಡುತ್ತಿತ್ತು. ಪರದೆಯ ಮೇಲಿನ ಅಂಕಿ ಮಾತ್ರ ಎಂದಿನಂತೆ ನಿಚ್ಚಳವಾಗಿತ್ತು. ಮಾದರಿಗಳ ಚರ್ಚೆಯೂ ಮುಗಿದಿಲ್ಲ. ಗುಳ್ಳೆಗಳ ಬೆಳವಣಿಗೆಯನ್ನು ಲೆಕ್ಕಕ್ಕೆ ತಂದು ಆಳದಲ್ಲೇ ನಿಲುಗಡೆ ಸೂಚಿಸುವ ಮಾದರಿಗಳು ಉತ್ತಮವೆಂಬ ಅಭಿಪ್ರಾಯ 2000ದ ದಶಕದಲ್ಲಿ ಬಲವಾಗಿತ್ತು. ಅಮೆರಿಕದ ನೌಕಾಪಡೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಆಳದ ನಿಲುಗಡೆಗಳಿಂದ ಬೇನೆ ಹೆಚ್ಚೇ ಕಂಡುಬಂತು.

ಯಂತ್ರವನ್ನು ದೋಣಿಯಲ್ಲಿ ಬಿಚ್ಚಿಟ್ಟ ಮೇಲೂ ದೇಹದಲ್ಲಿ ನೈಟ್ರೋಜನ್ ಉಳಿದಿರುತ್ತದೆ. ವಿಮಾನವೇರುವ ಮುನ್ನ, ಒಂದೇ ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ಇದು 600ರಿಂದ 2400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುವ ಸಲಹೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ನೇತ್ರಾಣಿಯಲ್ಲಿ ಮುಳುಗಿ ಅಂದೇ ರಾತ್ರಿ ಬಸ್ಸು ಹಿಡಿದು ಘಟ್ಟ ಹತ್ತುವವರು ಈ ಅಂಕಿಗಳನ್ನು ನೆನಪಿಡಬೇಕು. ದೇಹಕ್ಕೆ ವಿಮಾನವೂ ಒಂದೇ, ಘಟ್ಟದ ರಸ್ತೆಯೂ ಒಂದೇ.

ಹೊಸಬರು ಯಾವುದನ್ನು ಆರಿಸಬೇಕು?

ಮತ್ತೆ ಒಂದು ಸಣ್ಣ ಲೆಕ್ಕ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇದ್ದರೆ ಒಟ್ಟು 2400 ಲೀಟರ್. 50 ಬಾರ್ ಮೀಸಲಿಟ್ಟರೆ ಬಳಸಬಹುದಾದದ್ದು 1800 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 18 ಮೀಟರಿನಲ್ಲಿ ನಿಮಿಷಕ್ಕೆ 56 ಲೀಟರ್ ಬೇಕು. 32 ನಿಮಿಷದಲ್ಲಿ ಗಾಳಿ ಮುಗಿಯಿತು. ಕೋಷ್ಟಕದ ಮಿತಿಯಾದರೋ 56 ನಿಮಿಷ. ಹೊಸಬರು ಗಾಬರಿಯಲ್ಲಿ ಇನ್ನೂ ಹೆಚ್ಚು ಉಸಿರಾಡುತ್ತಾರೆ. ಹೀಗಾಗಿ ದಿನದ ಮೊದಲ ಸುತ್ತಿನಲ್ಲಿ ಹೊಸಬರನ್ನು ಕಟ್ಟಿಹಾಕುವುದು ನೈಟ್ರೋಜನ್ ಅಲ್ಲ, ಗಾಳಿ. ಅವರು ಅತಿ ಹೆಚ್ಚು ನೋಡಬೇಕಾದ ಉಪಕರಣ ಸಿಲಿಂಡರಿನ ಒತ್ತಡಮಾಪಕ. ಅದನ್ನು ಯಾವ ಕಂಪ್ಯೂಟರಿಗಾಗಿಯೂ ಬಿಟ್ಟುಕೊಡಬಾರದು. ನಿಸ್ತಂತುವಾಗಿ ಗಾಳಿಯ ಒತ್ತಡ ತೋರಿಸುವ ಕಂಪ್ಯೂಟರ್ ಇದ್ದರೂ ಮುಳ್ಳಿನ ಮಾಪಕ ಜೊತೆಗಿರಲಿ.

ಆಳ ಮತ್ತು ಕಾಲದ ವಿಷಯದಲ್ಲಿ ಮಾತು ಬೇರೆ. ದಿನಕ್ಕೆ ಎರಡು ಮೂರು ಬಾರಿ, ಹಲವು ದಿನ, ಬೇರೆ ಬೇರೆ ಆಳಗಳಲ್ಲಿ ಮುಳುಗುವವರಿಗೆ ಕಂಪ್ಯೂಟರೇ ಮೇಲು. ಕೋಷ್ಟಕದ ಸಾಲು ತಪ್ಪಿ ಓದುವ, ಸಮಯ ಮರೆಯುವ, ಬೇಗ ಮೇಲೇರುವ ಮನುಷ್ಯಸಹಜ ತಪ್ಪುಗಳನ್ನು ಅದು ತಡೆಯುತ್ತದೆ; ವೇಗ ಮೀರಿದರೆ ಎಚ್ಚರಿಸುತ್ತದೆ. ಹೆಚ್ಚು ಸೌಲಭ್ಯಗಳ ದುಬಾರಿ ಯಂತ್ರ ಬೇಕಿಲ್ಲ. ಅಂಕಿಗಳು ದೊಡ್ಡದಾಗಿ ಕಾಣುವ, ಬ್ಯಾಟರಿ ಸುಲಭವಾಗಿ ಬದಲಿಸಬಹುದಾದ ಸರಳ ಮಾದರಿ ಸಾಕು. ಎಚ್ಚರಿಕೆಯ ಮಟ್ಟವನ್ನು ಹೆಚ್ಚಿಸುವ ಹೊಂದಾಣಿಕೆ ಅದರಲ್ಲಿದ್ದರೆ ಬಳಸಬೇಕು. ಪರದೆಯ ಮೇಲಿನ ನಿಮಿಷಗಳನ್ನು ಸೊನ್ನೆಯವರೆಗೆ ಖರ್ಚು ಮಾಡದೆ ಕೆಲವನ್ನು ಉಳಿಸಿಕೊಂಡೇ ಮೇಲೇರಬೇಕು. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು.

ಆದರೆ ಕಂಪ್ಯೂಟರ್ ಕೊಳ್ಳುವ ಮುನ್ನ ಕೆಲವು ಸುತ್ತುಗಳಾದರೂ ಕೋಷ್ಟಕ ಹಿಡಿದು ಯೋಜನೆ ಮಾಡಿ ಕಲಿಯುವುದು ಲೇಸು. 18 ಮೀಟರಿಗೆ ಸುಮಾರು ಒಂದು ಗಂಟೆ, 30 ಮೀಟರಿಗೆ ಸುಮಾರು 20 ನಿಮಿಷ ಎಂಬುದು ತಲೆಯಲ್ಲಿದ್ದವನಿಗೆ, ಯಂತ್ರ 30 ಮೀಟರಿನಲ್ಲಿ 50 ನಿಮಿಷ ಎಂದರೆ ಏನೋ ಎಡವಟ್ಟಾಗಿದೆ ಎಂದು ಹೊಳೆಯುತ್ತದೆ. ತಲೆಯಲ್ಲಿ ಲೆಕ್ಕವೇ ಇಲ್ಲದವನು ಆ ಅಂಕಿಯನ್ನು ನಂಬಿ ಆಳದಲ್ಲೇ ಉಳಿಯುತ್ತಾನೆ. ಕ್ಯಾಲ್ಕುಲೇಟರ್ ಒತ್ತುವ ಮುನ್ನ ಉತ್ತರ ಸುಮಾರು ಎಷ್ಟು ಬರಬೇಕೆಂದು ಊಹಿಸಲು ತರಗತಿಯಲ್ಲಿ ಕಲಿಸುವುದೂ ಇದಕ್ಕಾಗಿಯೇ.